ತಂಪು ನಮಗೆ, ಸದ್ದು ನೆರೆಯವರಿಗೆ

(ಸಂಘದ ಮಾಸಿಕ ಸಭೆಯಲ್ಲಿ, ಎ.ಸಿ. ಕೂರಿಸುವ ಮತ್ತು ರಿಪೇರಿ ಮಾಡುವ ಕೆಲಸದಲ್ಲಿರುವ ಸದಸ್ಯರ ಪರವಾಗಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾಡು-ನುಡಿ, ಸಾಹಿತ್ಯ, ಕಾರ್ಮಿಕರ ಹಕ್ಕು ಮುಂತಾದ ದೊಡ್ಡ ವಿಷಯಗಳನ್ನು ಕುರಿತು ದೊಡ್ಡವರು ಮಾತನಾಡುವುದು ರೂಢಿ. ನಾವು ಸ್ಪ್ಯಾನರು ಹಿಡಿದು ಹೊಟ್ಟೆ ಹೊರೆಯುವವರು. ಕಾರ್ಯದರ್ಶಿಗಳು ಬಂದು, "ನಿಮ್ಮ ಕಸಬಿನದೇ ಒಂದು ವಿಷಯವನ್ನು ನಾಲ್ಕು ಜನರಿಗೆ ತಿಳಿಯುವಂತೆ ಹೇಳಿ" ಎಂದಾಗ ನಮ್ಮ ನಮ್ಮಲ್ಲಿ ಚರ್ಚೆಯಾಯಿತು. ಗ್ಯಾಸಿನ ವಿಷಯ ಹೇಳೋಣವೆಂದರು ಒಬ್ಬರು. ಕರೆಂಟಿನ ಬಿಲ್ಲಿನ ವಿಷಯವೆಂದರು ಇನ್ನೊಬ್ಬರು. ಕಡೆಗೆ ಸದ್ದಿನ ವಿಷಯವನ್ನೇ ಹೇಳುವುದೆಂದು ನಿಶ್ಚಯವಾಯಿತು. ಏಕೆಂದರೆ ಗ್ಯಾಸು, ಬಿಲ್ಲು ಇವೆರಡೂ ಎ.ಸಿ. ಕೊಂಡವನ ಕಷ್ಟ. ಸದ್ದು ಮಾತ್ರ ಅದನ್ನು ಕೊಳ್ಳದವನಿಗೂ ಬರುವ ಕಷ್ಟ. ನಮ್ಮ ಸಂಘದಲ್ಲಿ ಕೊಂಡವರೂ ಇದ್ದೀರಿ, ಕೊಳ್ಳದವರೂ ಇದ್ದೀರಿ, ಕೂರಿಸುವವರು ನಾವೂ ಇದ್ದೇವೆ. ಮೂವರೂ ಒಂದೇ ಚಾಪೆಯ ಮೇಲೆ ಕುಳಿತಿರುವಾಗ ಈ ಮಾತು ಆಡಿಬಿಡುವುದು ಒಳ್ಳೆಯದು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇವೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಮುಂಬಯಿಯ ಉಪನಗರದ ಒಂದು ಹಳೆಯ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ಒಂದು ಸ್ಪ್ಲಿಟ್ ಎ.ಸಿ. ಕೂರಿಸಿದೆವು. ಏಪ್ರಿಲ್ ತಿಂಗಳೆಂದರೆ ನಮ್ಮ ಸುಗ್ಗಿ. ಆ ದಿನ ಅದು ನಮಗೆ ಐದನೆಯ ಮನೆ; ಇನ್ನೂ ಎರಡು ಮನೆ ಬಾಕಿ. ಹೊರಗಿನ ಪೆಟ್ಟಿಗೆಯನ್ನು ಎಲ್ಲಿ ಇಡುವುದು? ಹಿಂದಿನ ಗೋಡೆ ಕೈಗೆ ಹತ್ತಿರ, ತಾಮ್ರದ ಪೈಪೂ ಕಡಿಮೆ ಸಾಕು. ಆ ಗೋಡೆಗೂ ಎದುರಿನ ಕಟ್ಟಡಕ್ಕೂ ನಡುವೆ ಎಂಟು ಹತ್ತು ಅಡಿಯ ಓಣಿ. ಗೋಡೆಗೆ ಎರಡು ಕಬ್ಬಿಣದ ಆ್ಯಂಗಲ್ ಹೊಡೆದು, ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿ, ಬೋಲ್ಟು ಬಿಗಿದು, ಚಹಾ ಕುಡಿದು ಹೊರಟೆವು. ಎದುರಿನ ಕಿಟಕಿ ಯಾರದೆಂದು ನಾವು ನೋಡಲಿಲ್ಲ.

ಆ ವರುಷ ಗಣೇಶೋತ್ಸವಕ್ಕೆ ನಮ್ಮ ಸಂಘದ ಸದಸ್ಯರೊಬ್ಬರು ಬಲಗೈಗೆ ಪಟ್ಟಿ ಕಟ್ಟಿಕೊಂಡು ಬಂದರು. ಬೇಕರಿಯಲ್ಲಿ ರಾತ್ರಿ ಪಾಳಿಯ ಕೆಲಸ ಅವರದು. ಬೆಳಿಗ್ಗೆ ನಿಮ್ಮ ನಮ್ಮ ಚಹಾಕ್ಕೆ ಪಾವು ಬರುವುದು ಇಂಥವರು ಇರುಳೆಲ್ಲ ಒಲೆಯ ಮುಂದೆ ನಿಂತದ್ದರಿಂದ.

"ಇದೇನು ಮಾರಾಯರೇ, ಕೈಗೆ?" ಎಂದು ಕೇಳಿದೆವು.

"ಬಿಸಿ ತಟ್ಟೆ ಎಳೆಯುವಾಗ ಕಣ್ಣು ಹತ್ತಿತು ಅಣ್ಣ" ಎಂದರು.

"ಹಗಲು ನಿದ್ದೆ ಮಾಡುವುದಿಲ್ಲವೇ?"

"ಎಲ್ಲಿಯ ನಿದ್ದೆ! ಕಿಟಕಿಯ ಎದುರಿಗೆ ಯಾರೋ ಒಂದು ಎ.ಸಿ. ನೇತುಹಾಕಿ ಹೋಗಿದ್ದಾರೆ. ಹನ್ನೊಂದಕ್ಕೆ ಶುರುವಾದರೆ ಸಂಜೆಯ ತನಕ. ಕಿಟಕಿ ಮುಚ್ಚಿದರೆ ನಾನು ಬೇಯುತ್ತೇನೆ, ತೆರೆದರೆ ಮಿಶನ್ನು ಕಿವಿಯೊಳಗೇ ಬರುತ್ತದೆ."

ಯಾವ ಕಟ್ಟಡವೆಂದು ಕೇಳಿದೆವು. ಹೇಳಿದರು. ನಮ್ಮ ಬಾಯಿ ಕಟ್ಟಿಹೋಯಿತು. ಅವರು ಹೇಳಿದ ಆ 'ಯಾರೋ' ನಾವೇ.

ಆ ಕಥೆ ಮುಂದೇನಾಯಿತೆಂಬುದನ್ನು ಕಡೆಗೆ ಹೇಳುತ್ತೇವೆ. ಈಗ, ಈ ಸದ್ದು ಎಲ್ಲಿಂದ ಹುಟ್ಟುತ್ತದೆ, ಎಷ್ಟು ಹುಟ್ಟುತ್ತದೆ, ಹೇಗೆ ತಗ್ಗಿಸಬಹುದು ಎಂಬುದನ್ನು ನೋಡೋಣ.

ಹವೆಯನ್ನು ಹದಮಾಡುವ ಯಂತ್ರ ಮೊದಲು ಮನುಷ್ಯನ ಸುಖಕ್ಕಾಗಿ ಹುಟ್ಟಿದ್ದಲ್ಲ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ, ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಕೆಡುತ್ತಿತ್ತು. ಅದನ್ನು ಸರಿಪಡಿಸಲು ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಈ ಏರ್ಪಾಡು ಹೂಡಿದರು. 'ಏರ್ ಕಂಡಿಷನಿಂಗ್' ಎಂಬ ಹೆಸರನ್ನು 1906ರಲ್ಲಿ ಕೊಟ್ಟ ಸ್ಟುವರ್ಟ್ ಕ್ರೇಮರ್ ಎಂಬವರೂ ಬಟ್ಟೆಯ ಗಿರಣಿಗಳಿಗೆ ಸೇರಿದವರೇ. ಹವೆ ಒಣಗಿದರೆ ನೂಲು ಹರಿಯುತ್ತದೆ ಎಂಬುದನ್ನು ಗಿರಣಗಾಂವಿನಲ್ಲಿ ದುಡಿದ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂಬಯಿಯ ಜನ ಈ ತಂಪಿನ ಸುಖ ಕಂಡದ್ದು ಸಿನಿಮಾ ಮಂದಿರಗಳಲ್ಲಿ. ಕೊಲಾಬಾದ ರೀಗಲ್ 1933ರಲ್ಲಿ ಹವಾನಿಯಂತ್ರಣದೊಡನೆ ತೆರೆಯಿತು. ಕಾಗದಕ್ಕೆ, ನೂಲಿಗೆ, ಸಿನಿಮಾಕ್ಕೆ ಮಾಡಿದ ಯಂತ್ರವನ್ನು ಗಿರಣಿಯ ಒಳಗೋ, ಮಂದಿರದ ಹಿಂಬದಿಗೋ ಇಟ್ಟಾಗ ಸದ್ದಿನ ಚಿಂತೆ ಅಷ್ಟಿರಲಿಲ್ಲ. ಅದು ಮಲಗುವ ಕೋಣೆಗೆ ಬಂದಮೇಲೆ ಚಿಂತೆ ಶುರುವಾಯಿತು.

ಸದ್ದನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎನ್ನುತ್ತಾರೆ. ಇದರ ಲೆಕ್ಕ ನಾವು ಅಕ್ಕಿ ಬೇಳೆ ಅಳೆಯುವ ಲೆಕ್ಕವಲ್ಲ. 50ಕ್ಕೆ 50 ಕೂಡಿದರೆ ಇಲ್ಲಿ 100 ಆಗುವುದಿಲ್ಲ, 53 ಆಗುತ್ತದೆ. ಒಂದೇ ಬಗೆಯ ಎರಡು ಯಂತ್ರ ಒಟ್ಟಿಗೆ ಓಡಿದರೆ 3 ಡೆಸಿಬೆಲ್ ಏರುತ್ತದೆ. ಹತ್ತು ಓಡಿದರೆ 10 ಏರುತ್ತದೆ. ಹಾಗೆ 10 ಏರಿದಾಗ ನಮ್ಮ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ತೋರುತ್ತದೆ. ಪಿಸುಮಾತು 30ರ ಆಸುಪಾಸು. ಇಬ್ಬರು ಎದುರೆದುರು ಕುಳಿತು ಸಾಧಾರಣವಾಗಿ ಮಾತಾಡಿದರೆ 60ರ ಸುಮಾರು. ಗಿರಣಿಯ ಮಗ್ಗಗಳ ಶೆಡ್ಡಿನಲ್ಲಿ ನೂರರ ಹತ್ತಿರ ಹೋಗುತ್ತಿತ್ತು. ಅಲ್ಲಿ ದುಡಿದ ಹಿರಿಯರೊಡನೆ ನಾವಿಂದಿಗೂ ಏಕೆ ಗಟ್ಟಿಯಾಗಿ ಮಾತಾಡಬೇಕಾಗುತ್ತದೆ ಎಂಬುದಕ್ಕೆ ಇದೇ ಕಾರಣ.

ಇನ್ನು ನಿದ್ದೆಯ ಮಾತು. ರಾತ್ರಿ ಮಲಗುವ ಕೋಣೆಯ ಒಳಗೆ ನಿಲ್ಲದೆ ಬರುವ ಸದ್ದು 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ಸ್ಪ್ಲಿಟ್ ಎ.ಸಿ.ಯ ಒಳಗಿನ ಪೆಟ್ಟಿಗೆ ಮೆಲ್ಲನೆ ಓಡಿದಾಗ ಈ ಮಟ್ಟಕ್ಕೆ ಹತ್ತಿರ ಬರಬಲ್ಲುದು. ಜೋರಾಗಿ ಓಡಿಸಿದರೆ 40 ದಾಟುತ್ತದೆ. ಹೊರಗಿನ ಪೆಟ್ಟಿಗೆ ಒಳ್ಳೆಯ ಸ್ಥಿತಿಯಲ್ಲಿದ್ದರೂ ಒಂದು ಮೀಟರಿನ ದೂರದಲ್ಲಿ ಸಾಧಾರಣವಾಗಿ 50ರಿಂದ 60. ಕಿಟಕಿಯಲ್ಲಿ ಕೂರಿಸುವ ಹಳೆಯ ಮಾದರಿಯಲ್ಲಿ ಒಳಗು ಹೊರಗು ಎಂಬ ಭೇದವೇ ಇಲ್ಲ. ಕಂಪ್ರೆಸರು, ಫ್ಯಾನು ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಮಲಗಿದವನ ತಲೆಯ ಹತ್ತಿರ. ನಮ್ಮ ದೇಶದ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಒಂದರಿಂದ ಒಂದೂವರೆ ಟನ್ನಿನ ಕಿಟಕಿ ಎ.ಸಿ.ಗೆ, ತಯಾರಾಗುವ ಹಂತದಲ್ಲಿ, ಇಟ್ಟ ಮಿತಿ 68 ಡೆಸಿಬೆಲ್. ಅದೇ ಪಟ್ಟಿಯಲ್ಲಿ ಫ್ರಿಜ್ಜಿಗೆ 46. ಈ ಎರಡು ಅಂಕೆಗಳನ್ನು ಜೊತೆಗಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಸ್ಪ್ಲಿಟ್ ಎ.ಸಿ. ಬಂದು ಮಾಡಿದ ಉಪಕಾರವೇನು? ಗದ್ದಲ ಮಾಡುವ ಕಂಪ್ರೆಸರನ್ನು ಮನೆಯಿಂದ ಹೊರಗೆ ಹಾಕಿತು. ಒಳಗಿದ್ದವನಿಗೆ ಶಾಂತಿ ಸಿಕ್ಕಿತು. ಆದರೆ ಸದ್ದು ಎಲ್ಲಿಗೂ ಹೋಗಲಿಲ್ಲ. ಒಂದು ಗೋಡೆ ದಾಟಿತು, ಅಷ್ಟೆ. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿಗೆ 55 ಇದ್ದದ್ದು ಎರಡು ಮೀಟರಿಗೆ 49, ನಾಲ್ಕಕ್ಕೆ 43, ಎಂಟಕ್ಕೆ 37. ಆದರೆ ಮುಂಬಯಿಯಲ್ಲಿ ಬಯಲೆಲ್ಲಿದೆ? ಎರಡು ಕಟ್ಟಡಗಳ ನಡುವಣ ಓಣಿಯಲ್ಲಿ, ಪಾಯಿಖಾನೆಯ ಪೈಪುಗಳಿಳಿಯುವ ಡಕ್ಟಿನಲ್ಲಿ, ಸದ್ದು ಈ ಗೋಡೆಗೆ ಬಡಿದು ಆ ಗೋಡೆಗೆ ಹೋಗುತ್ತದೆ, ಆ ಗೋಡೆಯಿಂದ ಮರಳುತ್ತದೆ, ಇಳಿಯಬೇಕಾದಷ್ಟು ಇಳಿಯುವುದೇ ಇಲ್ಲ. ಅಂಥ ಡಕ್ಟಿನಲ್ಲಿ ಒಂದರ ಮೇಲೊಂದು ಹತ್ತು ಪೆಟ್ಟಿಗೆಗಳಿದ್ದರೆ, ಅದರ ಕಡೆಗೆ ಕಿಟಕಿಯಿರುವ ಬಡಪಾಯಿಯ ಪಾಡೇನು?

ಇಷ್ಟು ಹೇಳಿದಮೇಲೆ, ಈ ಸದ್ದಿನಲ್ಲಿ ಅನಿವಾರ್ಯವಾದದ್ದು ಸ್ವಲ್ಪವೇ, ಉದಾಸೀನದಿಂದ ಬಂದದ್ದೇ ಬಹಳ ಎಂಬುದನ್ನು ನಮ್ಮ ಕಸಬಿನ ಅನುಭವದಿಂದ ಹೇಳುತ್ತೇವೆ. ವೈದ್ಯರು ನಾಡಿ ಹಿಡಿದು ರೋಗ ಹೇಳುವಂತೆ, ಸದ್ದು ಕೇಳಿಯೇ ಯಂತ್ರದ ರೋಗ ತಿಳಿಯಬಹುದು. ನಿಮಗೂ ತಿಳಿದಿದ್ದರೆ ರಿಪೇರಿಯವನು ಸುಳ್ಳು ಹೇಳಲಾರ. ಆದ್ದರಿಂದ ನಮ್ಮ ಹೊಟ್ಟೆಯ ಮೇಲೆ ಕಲ್ಲು ಹಾಕಿಕೊಂಡು ಈ ಗುಟ್ಟುಗಳನ್ನು ಬಿಟ್ಟುಕೊಡುತ್ತಿದ್ದೇವೆ.

ಗಡಗಡ ಎಂಬ ಸದ್ದು ಬಂದರೆ ತಗಡು ಸಡಿಲಾಗಿದೆ. ನಮ್ಮ ಊರಿನ ಕಡಲ ಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಸ್ಕ್ರೂ ತುಕ್ಕು ಹಿಡಿದು ಉದುರುತ್ತದೆ, ತಗಡು ಬಡಿದುಕೊಳ್ಳುತ್ತದೆ. ಒಂದು ಸ್ಕ್ರೂ, ಒಂದು ರಬ್ಬರಿನ ವಾಶರು ಹಾಕಿದರೆ ನಿಲ್ಲುವ ಗದ್ದಲವನ್ನು ವರ್ಷಗಟ್ಟಲೆ ಸಹಿಸುವ ಮನೆಗಳನ್ನು ನಾವು ನೋಡಿದ್ದೇವೆ.

ಟಕಟಕ ಎಂದು ಒಂದೇ ತಾಳದಲ್ಲಿ ಬಂದರೆ ಹೊರಗಿನ ಫ್ಯಾನಿಗೆ ಏನೋ ತಗಲುತ್ತಿದೆ. ಮುಂಬಯಿಯಲ್ಲಿ ಹತ್ತರಲ್ಲಿ ಹಲವು ಸಲ ಅದು ಪಾರಿವಾಳದ ಗೂಡಿನ ಕಡ್ಡಿ. ಕೆಲವೊಮ್ಮೆ ಜೋತುಬಿದ್ದ ವೈರು. ರೆಕ್ಕೆಯ ಒಂದು ತುಂಡು ಮುರಿದಿದ್ದರೆ ಫ್ಯಾನು ತೂಕ ತಪ್ಪಿ ಇಡೀ ಪೆಟ್ಟಿಗೆಯನ್ನೇ ಅದುರಿಸುತ್ತದೆ. ಆಗ ಹೊಸ ರೆಕ್ಕೆಯೇ ಗತಿ, ಅಂಟು ಹಚ್ಚುವುದು ಮೋಸ.

ಕಿರಕಿರ ಎಂದರೆ ಮೋಟಾರಿನ ಬುಷ್ಷೋ ಬೇರಿಂಗೋ ಒಣಗಿದೆ, ಇಲ್ಲವೆ ಸವೆದಿದೆ. ಇದನ್ನು ತಡಮಾಡಿದರೆ ಮೋಟಾರೇ ಸುಡುತ್ತದೆ.

ಸುಸ್ ಎಂಬ ಸಣ್ಣ ಸದ್ದು ಪೈಪಿನೊಳಗೆ ಗ್ಯಾಸು ಹರಿಯುವುದರದು, ಹೆದರಬೇಕಾಗಿಲ್ಲ. ಆದರೆ ಅದು ದಿನೇ ದಿನೇ ಹೆಚ್ಚಿ, ತಂಪು ಕಡಿಮೆಯಾಗಿ, ಪೈಪಿನ ಮೇಲೆ ಮಂಜು ಕಟ್ಟಿದರೆ ಗ್ಯಾಸು ಸೋರಿರಬಹುದು. ಆಗ ಬರಿಯ ಗ್ಯಾಸು ತುಂಬಿಸಿ ಕಳಿಸುವವನನ್ನು ನಂಬಬೇಡಿ. ಸೋರುವ ಜಾಗವನ್ನು ಮೊದಲು ಮುಚ್ಚಲು ಹೇಳಿ.

ಗುಳುಗುಳು ಎಂದರೆ ನೀರು ಹೋಗುವ ಕೊಳವೆಗೆ ಇಳಿಜಾರು ಸರಿಯಿಲ್ಲ, ಅಥವಾ ಕೊಳೆ ಕಟ್ಟಿದೆ. ಯಂತ್ರ ಶುರುವಾದಾಗ, ನಿಂತಾಗ ಟಿಕ್ ಟಿಕ್ ಎಂದರೆ ತಂಪಿಗೆ ಪ್ಲಾಸ್ಟಿಕ್ಕು ಕುಗ್ಗಿ ಹಿಗ್ಗುವ ಸದ್ದು, ಅದು ರೋಗವಲ್ಲ.

ಒಳಗಿನ ಪೆಟ್ಟಿಗೆ ಮೊದಲಿಗಿಂತ ಭರ್ ಎಂದು ಹೆಚ್ಚು ಉಸಿರಾಡುತ್ತಿದ್ದರೆ ಫಿಲ್ಟರಿನಲ್ಲಿ ಧೂಳು ಕಟ್ಟಿದೆ. ಮೂಗು ಕಟ್ಟಿದ ಮನುಷ್ಯ ಗೊರಕೆ ಹೊಡೆಯುವುದಿಲ್ಲವೇ? ಇದೂ ಹಾಗೆಯೇ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನಲ್ಲಿಯ ನೀರಿಗೆ ಹಿಡಿದು, ನೆರಳಲ್ಲಿ ಒಣಗಿಸಿ ಹಾಕಿ. ಇದಕ್ಕೆ ನಮ್ಮನ್ನು ಕರೆಯಬೇಕಾಗಿಲ್ಲ, ಹತ್ತು ವರ್ಷದ ಮಗುವೂ ಮಾಡಬಲ್ಲುದು. ಅದರ ಹಿಂದಿನ ಬ್ಲೋವರಿಗೆ ಅಡುಗೆಮನೆಯ ಜಿಡ್ಡು, ಧೂಳು ಸೇರಿ ಹಿಟ್ಟಿನಂತೆ ಮೆತ್ತಿಕೊಂಡರೆ ಮಾತ್ರ ನಮ್ಮನ್ನು ಕರೆಯಿರಿ. ಬೇಸಗೆಗೆ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಪೂರಾ ತೊಳೆಸಿದರೆ ಸದ್ದೂ ತಗ್ಗುತ್ತದೆ, ಬಿಲ್ಲೂ ತಗ್ಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು, ಕಿವಿಗಿಂತ ಎದೆಗೆ ಹೆಚ್ಚು ತಗಲುವ, ಗುಂಯ್ ಎಂಬ ಸದ್ದು. ಇದು ಗಾಳಿಯಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಗೋಡೆಯಲ್ಲಿ ಬರುತ್ತದೆ. ಕಂಪ್ರೆಸರಿನ ಅದುರು ಆ್ಯಂಗಲ್ಲಿಗೆ, ಆ್ಯಂಗಲ್ಲಿನಿಂದ ಗೋಡೆಗೆ, ಗೋಡೆಯಿಂದ ಪಕ್ಕದ ಮನೆಯ ಮಂಚಕ್ಕೆ ಹೋಗುತ್ತದೆ. ಅಂಗೈಯನ್ನು ಗೋಡೆಗೆ ಒತ್ತಿ ನೋಡಿದರೆ ತಿಳಿಯುತ್ತದೆ. ಇದಕ್ಕೆ ಕಿಟಕಿ ಮುಚ್ಚಿ ಫಲವಿಲ್ಲ. ಮದ್ದು ಒಂದೇ: ಕಬ್ಬಿಣಕ್ಕೂ ಪೆಟ್ಟಿಗೆಗೂ ನಡುವೆ ದಪ್ಪನೆಯ ರಬ್ಬರ್ ಪ್ಯಾಡು. ನಾಲ್ಕು ಕಾಲಿಗೆ ನಾಲ್ಕು. ಇವುಗಳ ಬೆಲೆ ಎ.ಸಿ.ಯ ಬೆಲೆಯ ಮುಂದೆ ಎಷ್ಟೂ ಅಲ್ಲ. ಆದರೂ ಅವಸರದಲ್ಲಿ ಮೊದಲು ಮರೆತುಹೋಗುವುದು ಇವೇ. ಬಿಗಿಯುವಾಗಲೂ ರಬ್ಬರು ಚಪ್ಪಟೆಯಾಗುವಂತೆ ಬಿಗಿದರೆ ಅದು ಇದ್ದೂ ಇಲ್ಲದಂತೆ. ರಸಮಟ್ಟ ಇಟ್ಟು ಪೆಟ್ಟಿಗೆ ನೆಟ್ಟಗಿದೆಯೇ ನೋಡಬೇಕು. ಪೈಪು ಕಿಟಕಿಯ ಗ್ರಿಲ್ಲಿಗೆ ತಾಗಿದ್ದರೆ ಗ್ರಿಲ್ಲೇ ಹಾಡತೊಡಗುತ್ತದೆ; ನಡುವೆ ರಬ್ಬರು ಸುತ್ತಬೇಕು. ಗೋಡೆ ಹಳೆಯದೋ, ತೆಳುವೋ ಆಗಿದ್ದರೆ ಗೋಡೆಗೆ ಹೊಡೆಯುವುದನ್ನೇ ಬಿಟ್ಟು, ಸ್ಥಳವಿದ್ದಲ್ಲಿ ನೆಲದ ಮೇಲೆ ಸ್ಟ್ಯಾಂಡು ಇಡುವುದು ಉತ್ತಮ.

ಕೆಲವರು ಸದ್ದು ತಡೆಯಲು ಹೊರಗಿನ ಪೆಟ್ಟಿಗೆಗೆ ಹಲಗೆಯ ಮನೆ ಕಟ್ಟಿಸುತ್ತಾರೆ, ಗೋಣಿ ಹೊದಿಸುತ್ತಾರೆ. ದಯವಿಟ್ಟು ಮಾಡಬೇಡಿ. ಕೋಣೆಯ ಕಾವನ್ನು ಹೊರಗೆ ಚೆಲ್ಲುವುದೇ ಆ ಪೆಟ್ಟಿಗೆಯ ಕೆಲಸ. ಅದರ ಬಾಯಿ ಮೂಗು ಮುಚ್ಚಿದರೆ ಕಾವು ಒಳಗೇ ಸುತ್ತಿ, ಕಂಪ್ರೆಸರು ಇನ್ನಷ್ಟು ತಿಣುಕಿ, ಸದ್ದು ಹೆಚ್ಚಾಗಿ, ಕಡೆಗೆ ಯಂತ್ರವೇ ಸಾಯುತ್ತದೆ. ಮರೆ ಕಟ್ಟಲೇಬೇಕಾದರೆ ಗಾಳಿಗೆ ದಾರಿ ಬಿಟ್ಟು, ನೆರೆಯವರ ಕಿಟಕಿಯ ಕಡೆಗೆ ಮಾತ್ರ, ತೂಕವುಳ್ಳ ಗಟ್ಟಿ ಮರೆ ಕಟ್ಟಬೇಕು. ತೆಳ್ಳನೆಯ ಸ್ಪಂಜಿನ ಹಾಳೆ ಸದ್ದನ್ನು ತಡೆಯಲಾರದು.

ಕೊಳ್ಳುವವರಿಗೆ ಎರಡು ಮಾತು. ದೊಡ್ಡದು ಕೊಂಡರೆ ಒಳ್ಳೆಯದೆಂಬ ಭ್ರಮೆ ಬೇಡ. ಚಿಕ್ಕ ಕೋಣೆಗೆ ದೊಡ್ಡ ಯಂತ್ರ ಹಾಕಿದರೆ ಅದು ಬೇಗ ತಂಪುಮಾಡಿ ನಿಲ್ಲುತ್ತದೆ, ಮತ್ತೆ ಧಡ್ ಎಂದು ಏಳುತ್ತದೆ, ಮತ್ತೆ ನಿಲ್ಲುತ್ತದೆ. ಒಂದೇ ಸಮನಾದ ಸದ್ದಿಗೆ ಕಿವಿ ಹೊಂದಿಕೊಂಡೀತು. ಎದ್ದು ಬಿದ್ದು ಬರುವ ಸದ್ದೇ ನಿದ್ದೆಯನ್ನು ಮುರಿಯುವುದು. ತೀರ ಚಿಕ್ಕದಾದರೆ ಹಗಲಿರುಳು ತಿಣುಕುತ್ತಲೇ ಇರುತ್ತದೆ. ಕೋಣೆಯ ಅಳತೆ, ಬಿಸಿಲು ಬೀಳುವ ಗೋಡೆ ಇವನ್ನು ನೋಡಿ ಕೊಳ್ಳಬೇಕು. ಇನ್ವರ್ಟರ್ ಮಾದರಿಯ ಕಂಪ್ರೆಸರು ಬೇಕಾದಷ್ಟೇ ವೇಗದಲ್ಲಿ ಓಡುವುದರಿಂದ, ಕೋಣೆ ಒಮ್ಮೆ ತಂಪಾದ ಮೇಲೆ ಮೆಲ್ಲಗೆ ನಡೆಯುತ್ತದೆ; ಕೈಲಾದವರು ಅದನ್ನೇ ಕೊಳ್ಳಿ.

ಎರಡನೆಯದಾಗಿ, ಅಂಗಡಿಯವನು ತೋರಿಸುವ ಡೆಸಿಬೆಲ್ ಅಂಕೆ ಅನೇಕ ವೇಳೆ ಒಳಗಿನ ಪೆಟ್ಟಿಗೆಯದು, ಅದೂ ಅತಿ ಮೆಲ್ಲನೆ ಓಡುವಾಗಿನದು. "ಹೊರಗಿನದು ಎಷ್ಟು?" ಎಂದು ಕೇಳಿರಿ. ನಮ್ಮಲ್ಲಿ ಎ.ಸಿ.ಯ ಮೇಲೆ ಅಂಟಿಸುವ ನಕ್ಷತ್ರದ ಚೀಟಿ ಕರೆಂಟಿನ ಉಳಿತಾಯವನ್ನು ಹೇಳುತ್ತದೆಯೇ ಹೊರತು ಸದ್ದಿನ ಮಾತನ್ನೆತ್ತುವುದಿಲ್ಲ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2013ರಿಂದ ಒಳಗಿನ ಸದ್ದು, ಹೊರಗಿನ ಸದ್ದು ಎರಡನ್ನೂ ಚೀಟಿಯಲ್ಲೇ ಅಚ್ಚುಹಾಕಬೇಕೆಂಬ ಕಟ್ಟಳೆಯಿದೆ. ನಮ್ಮಲ್ಲೂ ಅಂಥ ಚೀಟಿ ಏಕೆ ಬರಬಾರದು? ಇದನ್ನು ಸಂಘದ ಠರಾವಾಗಿ ಬರೆದು ಕಳಿಸಬಹುದೆಂದು ನಮ್ಮ ಸೂಚನೆ.

ಬಳಸುವವರಿಗೆ ಒಂದು ಮಾತು. 2020ರ ಜನವರಿಯಿಂದ ನಕ್ಷತ್ರದ ಚೀಟಿಯ ಎ.ಸಿ.ಗಳು ತಾವಾಗಿ 24 ಡಿಗ್ರಿಯಲ್ಲಿ ಶುರುವಾಗಬೇಕೆಂದು ಸರಕಾರ ವಿಧಿಸಿದೆ. ಆದರೂ ಮನೆಗೆ ಬಂದ ಕೂಡಲೇ ನಾವು ಅದನ್ನು 18ಕ್ಕೆ ಇಳಿಸುತ್ತೇವೆ, ಮೇಲೆ ರಗ್ಗು ಹೊದ್ದು ಮಲಗುತ್ತೇವೆ! ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡ 6ರಷ್ಟು ಕರೆಂಟು ಉಳಿಯುತ್ತದೆಂದು ಸರಕಾರದ ಶಕ್ತಿ ದಕ್ಷತಾ ಬ್ಯೂರೋ ಹೇಳುತ್ತದೆ. ಕರೆಂಟು ಉಳಿಯುವುದೆಂದರೆ ಕಂಪ್ರೆಸರಿನ ದುಡಿಮೆ ಉಳಿಯುವುದು. ಅದು ಕಡಿಮೆ ದುಡಿದಷ್ಟೂ ನೆರೆಯವನಿಗೆ ಮೌನ. 25ಕ್ಕೋ 26ಕ್ಕೋ ಇಟ್ಟು, ಮೇಲಿನ ಫ್ಯಾನನ್ನು ಮೆಲ್ಲಗೆ ಬಿಟ್ಟುಕೊಂಡರೆ ಸುಖನಿದ್ದೆಗೆ ಸಾಕು.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ ಹಗಲು. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚಾದರೆ ದೂರು ಕೊಡಬಹುದು. ಕಾನೂನು ಇರುವುದು ಒಳ್ಳೆಯದೇ. ಆದರೆ ಬೇಕರಿಯ ನಮ್ಮ ತಮ್ಮನಿಗೆ ಇದರಿಂದೇನು ಪ್ರಯೋಜನ? ಅವನ ರಾತ್ರಿ ಶುರುವಾಗುವುದೇ ಬೆಳಿಗ್ಗೆ ಏಳು ಗಂಟೆಗೆ. ಕಾವಲುಗಾರ, ಆಸ್ಪತ್ರೆಯ ದಾದಿ, ವಿಮಾನ ನಿಲ್ದಾಣದ ಹಮಾಲ, ರಾತ್ರಿ ಪಾಳಿಯ ಕಾಲ್ ಸೆಂಟರಿನ ಹುಡುಗಿ, ಇವರೆಲ್ಲರ ಇರುಳು ಕಾನೂನಿನ ಗಡಿಯಾರದಲ್ಲಿ ಹಗಲು. ಇನ್ನು ಒಂದೇ ಒಂದು ಎ.ಸಿ. ಆ ಮಿತಿಯನ್ನು ಅಷ್ಟೊಂದು ಮೀರುವುದೂ ಅಪರೂಪ. ಕಾನೂನು ಮುಟ್ಟದ ಈ ಎಡೆಯಲ್ಲಿ ಕೆಲಸಕ್ಕೆ ಬರುವುದು ಎರಡೇ: ಕೆಲಸಗಾರನ ಕೈಯ ಪ್ರಾಮಾಣಿಕತೆ ಮತ್ತು ನೆರೆಹೊರೆಯ ದಾಕ್ಷಿಣ್ಯ.

ಈಗ ಬಿಟ್ಟ ಕಥೆಗೆ ಬರುತ್ತೇವೆ.

ಗಣಪತಿ ವಿಸರ್ಜನೆಯಾದ ಮೇಲೆ ನಾವು ಎ.ಸಿ. ಹಾಕಿಸಿಕೊಂಡ ಮನೆಗೆ ಹೋದೆವು. ಅಲ್ಲಿರುವವರು ಮರಾಠಿ ವೃದ್ಧ ದಂಪತಿಗಳು. ಮುದುಕರಿಗೆ ಹೃದಯದ ಕಾಯಿಲೆ, ಸೆಕೆ ತಡೆಯದು. ಆ ಯಂತ್ರ ಅವರಿಗೆ ಶೋಕಿಯಲ್ಲ. ವಿಷಯ ಹೇಳಿದಾಗ ಆಜಿ ಬೆರಗಾದರು. "ಸದ್ದೇ? ನಮಗೆ ಒಂದು ಚೂರೂ ಕೇಳಿಸುವುದಿಲ್ಲವಲ್ಲ!" ಎಂದರು. ನಿಜವೇ. ಕಿಟಕಿ ಮುಚ್ಚಿ ತಂಪಿನಲ್ಲಿ ಕುಳಿತವರಿಗೆ ಹೊರಗಿನ ಸದ್ದು ಹೇಗೆ ಕೇಳಿಸಬೇಕು? "ಆಜಿ, ಐದು ನಿಮಿಷ ನಮ್ಮೊಡನೆ ಎದುರಿನ ಮನೆಗೆ ಬನ್ನಿ" ಎಂದು ಬಿನ್ನವಿಸಿದೆವು. ಬಂದರು. ಬೇಕರಿಯವರ ಕೋಣೆಯಲ್ಲಿ ಮಂಚದ ತುದಿಗೆ ಕುಳಿತರು. ಅವರದೇ ಎ.ಸಿ. ಎದುರಿಗೆ ಗುಂಯ್ ಎನ್ನುತ್ತಿತ್ತು. ಆಜಿ ಕೇಳಿದರು, ಆತನ ಕೈಯ ಪಟ್ಟಿ ನೋಡಿದರು, ಮತ್ತೆ ಕೇಳಿದರು. ಏನೂ ಹೇಳದೆ ಎದ್ದು, ಮೆಟ್ಟಿಲಿಳಿಯುವಾಗ, "ಇದನ್ನು ಬೇರೆಡೆಗೆ ಇಡಲು ಎಷ್ಟಾಗುತ್ತದೆ?" ಎಂದರು.

ಪೆಟ್ಟಿಗೆಯನ್ನು ಬಿಚ್ಚಿದಾಗ ನಮ್ಮ ತಪ್ಪುಗಳು ಒಂದೊಂದಾಗಿ ಕಂಡವು. ರಬ್ಬರ್ ಪ್ಯಾಡು ಹಾಕಿರಲಿಲ್ಲ. ಒಂದು ಬೋಲ್ಟು ಸಡಿಲಾಗಿತ್ತು. ಪೈಪು ಗ್ರಿಲ್ಲಿಗೆ ತಾಗಿತ್ತು. ಆ ಗೋಡೆಗೆ ಯಾರೂ ಸುಲಭವಾಗಿ ಹೋಗಲಾರದ್ದರಿಂದ ಒಳಗೆ ಗರಿ, ಕಡ್ಡಿ, ಧೂಳು ತುಂಬಿತ್ತು. ಸೊಸೈಟಿಯ ಸೆಕ್ರೆಟರಿಯವರ ಒಪ್ಪಿಗೆ ಪಡೆದು, ರಸ್ತೆಯ ಕಡೆಗಿರುವ ಬಾಲ್ಕನಿಯ ಮೂಲೆಯಲ್ಲಿ, ನೆಲದ ಮೇಲೆ ಸ್ಟ್ಯಾಂಡು ಇಟ್ಟು, ಗಾಳಿ ರಸ್ತೆಯ ಕಡೆಗೆ ಹೋಗುವಂತೆ ಕೂರಿಸಿದೆವು. ಎದುರಿಗೆ ಯಾರ ಕಿಟಕಿಯೂ ಇಲ್ಲ. ಹೆಚ್ಚಿನ ಪೈಪಿನ ಖರ್ಚು ಆಜಿಯವರದು. ಕೂಲಿ ನಮ್ಮ ಪ್ರಾಯಶ್ಚಿತ್ತ. ಬೇಕರಿಯವರು ಮರುವಾರ ಸಿಕ್ಕಿ, "ಅಣ್ಣ, ಈಗ ಎಬ್ಬಿಸಲು ಗಡಿಯಾರ ಬೇಕಾಗುತ್ತದೆ" ಎಂದರು. ನಮ್ಮ ಕಸಬಿನಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮಗೆ ದೊರೆತಿಲ್ಲ.

ಈ ಬಾಲ್ಕನಿಯ ಮಾತಿನಲ್ಲಿ ಇನ್ನೊಂದು ಅಂಶವಿದೆ. ಕಾಲೂರಿ ನಿಂತು ಮುಟ್ಟಲಾಗದ ಕಡೆ ಪೆಟ್ಟಿಗೆ ಇಟ್ಟರೆ ಅದನ್ನು ಯಾರೂ ತೊಳೆಯುವುದಿಲ್ಲ. ತೊಳೆಯದ ಯಂತ್ರ ಗದ್ದಲ ಮಾಡದೆ ಬಿಡದು. ತೊಳೆಯಬೇಕೆಂದರೆ ನಮ್ಮಂಥವನೊಬ್ಬ ಏಳನೆಯ ಮಾಳಿಗೆಯ ಗೋಡೆಗೆ ಹಲ್ಲಿಯಂತೆ ಅಂಟಿಕೊಳ್ಳಬೇಕು. ಸೊಂಟಕ್ಕೆ ಹಗ್ಗವಿಲ್ಲದೆ, ತುಕ್ಕು ಹಿಡಿದ ಆ್ಯಂಗಲ್ಲನ್ನು ನಂಬಿ ಕೆಲಸ ಮಾಡುವ ಹುಡುಗರು ಈ ನಗರದಲ್ಲಿ ಎಷ್ಟಿಲ್ಲ! ಆದಕಾರಣ, ಎ.ಸಿ. ಹಾಕಿಸುವಾಗ "ಮುಂದೆ ಇದನ್ನು ತೊಳೆಯುವವನು ಎಲ್ಲಿ ನಿಲ್ಲುತ್ತಾನೆ?" ಎಂಬ ಪ್ರಶ್ನೆಯನ್ನು ಮೊದಲು ಕೇಳಿ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಕಡೆ ಸದ್ದೂ ಕಡಿಮೆ, ಅಪಾಯವೂ ಕಡಿಮೆ. ಎತ್ತರದಲ್ಲಿ ಕೆಲಸವಿದ್ದರೆ ನಮ್ಮವನು ಸುರಕ್ಷತೆಯ ಬೆಲ್ಟು ಕಟ್ಟಿಕೊಂಡಿದ್ದಾನೆಯೇ ನೋಡಿ. ಇಲ್ಲದಿದ್ದರೆ ಕೆಲಸ ನಿಲ್ಲಿಸಿ ಎಂದು ಗದರಿಸಿ. ನಾವು ಬೇಸರಪಡುವುದಿಲ್ಲ.

ಕಡೆಯದಾಗಿ ಮೂವರಲ್ಲಿ ಮೂರು ಬಿನ್ನಹ. ಎ.ಸಿ. ಇರುವ ಬಂಧುಗಳೇ, ವರ್ಷಕ್ಕೊಂದು ಸಲ, ನಿಮ್ಮ ಯಂತ್ರ ಓಡುತ್ತಿರುವಾಗ, ನೆರೆಯವರ ಮನೆಗೆ ಹೋಗಿ ಐದು ನಿಮಿಷ ಕುಳಿತು ಬನ್ನಿ. ಚಹಾವೂ ಸಿಕ್ಕೀತು, ಸತ್ಯವೂ ತಿಳಿದೀತು. ಎ.ಸಿ. ಇಲ್ಲದ ಬಂಧುಗಳೇ, ನೆರೆಯವನ ಮೇಲೆ ಹಲ್ಲು ಕಡಿಯುತ್ತ ಕೂರದೆ ಹೋಗಿ ಹೇಳಿ. ತನ್ನ ಸದ್ದು ತನಗೆ ಕೇಳಿಸದೆ ಇರುವವನು ಕೆಟ್ಟವನೆಂದು ತಿಳಿಯಬೇಡಿ. ನಮ್ಮ ಕಸಬಿನ ತಮ್ಮಂದಿರೇ, ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಏಳು ಮನೆ ಮುಗಿಸುವ ಅವಸರ ನಮಗೂ ಗೊತ್ತು, ಮನೆಯ ಬಾಡಿಗೆ, ಮಕ್ಕಳ ಫೀಸು ನಮಗೂ ಗೊತ್ತು. ಆದರೂ ಆ್ಯಂಗಲ್ ಹೊಡೆಯುವ ಮೊದಲು ಒಮ್ಮೆ ತಿರುಗಿ ಎದುರಿನ ಕಿಟಕಿಯನ್ನು ನೋಡಿ. ಅದರ ಹಿಂದೆ ಮಲಗಿದ್ದವನು ನಮ್ಮಂತೆಯೇ ದುಡಿದು ದಣಿದು ಬಂದವನು. ಅವನ ಕೂಲಿಯನ್ನು ನಾವು ಹೆಚ್ಚಿಸಲಾರೆವು. ಅವನ ನಿದ್ದೆಯನ್ನಾದರೂ ಕೆಡಿಸದೆ ಇರಬಲ್ಲೆವು.

ಹಗಲು ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ಹಿರಿಯರು ಈ ಸಭೆಯಲ್ಲಿದ್ದಾರೆ. ಒಂದು ಗಂಟೆಯ ನಿದ್ದೆಯ ಬೆಲೆ ಏನೆಂಬುದು ಅವರಿಗೆ ಗೊತ್ತು. ಆದುದರಿಂದ ಹೆಚ್ಚು ಹೇಳುವ ಅಗತ್ಯವಿಲ್ಲ. ಸದ್ದು ಕಡಿಮೆ ಮಾಡಿ ಎಂದು ಹೇಳಬಂದವರೇ ಇಷ್ಟು ಹೊತ್ತು ಸದ್ದು ಮಾಡಿದ್ದನ್ನು ಸಭೆ ಕ್ಷಮಿಸಬೇಕು.